ಕಾರಿಗೆ ಆದರದ ಸ್ವಾಗತ

ನಂದಿ ಬೆಟ್ಟದಲ್ಲಿ ಸೂರ್ಯ ದಿನಕ್ಕೆ ಎರಡು ಸಲ ಹುಟ್ಟುತ್ತಾನೆ. ಕಾರಿನವರಿಗೆ ನಸುಕಿನಲ್ಲಿ, ಮೋಡದ ಸಂದಿಯಿಂದ, ಕೆಂಪಗೆ. ಬಸ್ಸಿನವರಿಗೆ ನೆತ್ತಿಯ ಹತ್ತಿರ, ಬೆಳ್ಳಗೆ. ಬೆಂಗಳೂರಿನಿಂದ ಹೊರಟ ಸರ್ಕಾರಿ ಬಸ್ಸು ತಿರುವುಗಳನ್ನೆಲ್ಲ ಸುತ್ತಿ 1,478 ಮೀಟರ್ ಎತ್ತರದ ಬೆಟ್ಟದ ಮೇಲೆ ನಮ್ಮನ್ನು ಇಳಿಸುವ ಹೊತ್ತಿಗೆ ಸೂರ್ಯ ಮುಖ ತೊಳೆದು, ತಿಂಡಿ ತಿಂದು, ಡ್ಯೂಟಿಗೆ ಹೊರಟುಬಿಟ್ಟಿರುತ್ತಾನೆ. ಆದರೂ ಬಂದ ಗೆಳೆಯರು ಬಿಡುವುದಿಲ್ಲ. ಸೂರ್ಯನನ್ನು ಅಂಗೈಯಲ್ಲಿ ಹಿಡಿದ ಫೋಟೊ ಬೇಕೇ ಬೇಕು. ಆ ಹೊತ್ತಿನ ಸೂರ್ಯನನ್ನು ಹಿಡಿಯಲು ಎರಡೂ ಕೈ ಮೇಲೆತ್ತಬೇಕು. ಫೋಟೊದಲ್ಲಿ ಎಲ್ಲರೂ ಪೊಲೀಸರಿಗೆ ಶರಣಾದ ಹಾಗೆ ಕಾಣುತ್ತಾರೆ.

ಚಿಂತೆ ಬೇಡ, ಬೆಟ್ಟಕ್ಕೆ ರೋಪ್‌ವೇ ಬರಲಿದೆ. 2023ರಲ್ಲೇ ಅಡಿಗಲ್ಲು ಹಾಕಿದ್ದಾರೆ. ಆಕಾಶದಲ್ಲಿ ತಂತಿ ಎಳೆದು ಜನರನ್ನು ಮೇಲಕ್ಕೆ ಸಾಗಿಸುವ ಯೋಜನೆ ನಮ್ಮವರಿಗೆ ಸುಲಭ. ನಸುಕಿನ ನಾಲ್ಕು ಗಂಟೆಗೆ ಒಂದು ಬಸ್ಸು ಬಿಡುವ ತಂತ್ರಜ್ಞಾನ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ರೈಲಿನಲ್ಲಿ ಹೋಗ್ತೀವಿ ಅಂದರೆ ನಂದಿ ಹಾಲ್ಟ್ ಇದೆ. ಚೆಂದದ ಹಳೇ ಸ್ಟೇಷನ್ನು. ಅಲ್ಲಿ ಇಳಿದರೆ ಬೆಟ್ಟ ತುಂಬಾ ಚೆನ್ನಾಗಿ ಕಾಣುತ್ತದೆ. ಕಾಣುವುದಷ್ಟೇ.

ನಮ್ಮ ಪ್ರವಾಸಿ ತಾಣಗಳಿಗೆ ಯಾರೋ ತಪ್ಪು ಮಾಹಿತಿ ಕೊಟ್ಟಿದ್ದಾರೆ ಅಂತ ನನ್ನ ಅನುಮಾನ. ನೋಡಲು ಬರುವುದು ಮನುಷ್ಯರಲ್ಲ, ಗಾಡಿಗಳು ಅಂತ ಅವು ನಂಬಿಕೊಂಡಿವೆ. ಅದಕ್ಕೇ ಊರಿನ ಬಾಗಿಲಲ್ಲೇ ಗಾಡಿಗೆ ಬೋರ್ಡು, ಗಾಡಿಗೆ ಬಾಣದ ಗುರುತು, ಗಾಡಿಗೆ ಚೀಟಿ, ಗಾಡಿಗೆ ಮರದ ನೆರಳು. ಗಾಡಿ ಇಲ್ಲದೆ ಬಂದವನು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅವನು ಪ್ರವಾಸಿಗನೂ ಅಲ್ಲ, ಊರಿನವನೂ ಅಲ್ಲ. ಸುಮ್ನೆ ಬ್ಯಾಗು ಹಾಕಿಕೊಂಡು ಓಡಾಡುತ್ತಿರುವ ಅನುಮಾನಾಸ್ಪದ ವ್ಯಕ್ತಿ.

ಮುಳ್ಳಯ್ಯನಗಿರಿಯನ್ನೇ ನೋಡಿ. ರಾಜ್ಯದ ಅತಿ ಎತ್ತರದ ಶಿಖರ. ವಾರದ ಕೊನೆ ಬಂದರೆ ಆ ಸಣ್ಣ ರಸ್ತೆಯಲ್ಲಿ ಕಾರುಗಳು ಒಂದರ ಬೆನ್ನಿಗೆ ಒಂದು ನಿಂತು, ಮೇಲೆ ಹೋಗುವವರು ಕೆಳಗೆ ಬರುವವರ ಮುಖ ನೋಡುತ್ತಾ ಕೂರುತ್ತಿದ್ದರು. ಇದಕ್ಕೊಂದು ಮಿತಿ ಬೇಕು ಅಂತ 2025ರ ಸೆಪ್ಟೆಂಬರ್‌ನಿಂದ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡುವ ಪದ್ಧತಿ ತಂದರು. ಬೆಳಿಗ್ಗೆ 600 ಗಾಡಿ, ಮಧ್ಯಾಹ್ನದ ಮೇಲೆ 600 ಗಾಡಿ. ಒಳ್ಳೆಯದೇ. ಬೆಟ್ಟಕ್ಕೂ ಉಸಿರಾಡಲು ಬಿಡುವು ಬೇಕಲ್ವಾ? ಆದರೆ ಲೆಕ್ಕ ಹಾಕಿದ್ದು ಏನನ್ನು? ಗಾಡಿಯನ್ನು. ಒಬ್ಬನೇ ಕೂತು ಹಾಡು ಹಾಕಿಕೊಂಡು ಬಂದ ದೊಡ್ಡ ಕಾರೂ ಒಂದು, ಇಪ್ಪತ್ತು ಜನರನ್ನು ತುಂಬಿಕೊಂಡು ಬಂದ ಮಿನಿ ಬಸ್ಸೂ ಒಂದು. ಚಿಕ್ಕಮಗಳೂರಿಗೆ ಕೆಂಪು ಬಸ್ಸಲ್ಲಿ ಬಂದಿಳಿದವನು ಈ ಲೆಕ್ಕದಲ್ಲಿ ಎಷ್ಟನೆಯವನು? ಅವನು ಮೊದಲು ಯಾರದ್ದಾದರೂ ಜೀಪಿನೊಳಗೆ ಸೇರಿಕೊಂಡು ಗಾಡಿಯ ಭಾಗವಾಗಬೇಕು. ಆಮೇಲಷ್ಟೇ ಬೆಟ್ಟಕ್ಕೆ ಅವನ ಗುರುತು ಹತ್ತುತ್ತದೆ.

ಬಸ್ಸಲ್ಲೇ ಸುತ್ತೋಣ ಅಂತ ತೀರ್ಮಾನ ಮಾಡುವ ಗೆಳೆಯರ ಗುಂಪಿನ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. ವಾಟ್ಸಾಪ್‌ನಲ್ಲಿ ಹದಿನೈದು ಜನ 'ನಾನು ಪಕ್ಕಾ' ಅಂತ ಹೆಬ್ಬೆರಳು ತೋರಿಸುತ್ತಾರೆ. ಮೆಜೆಸ್ಟಿಕ್‌ನಲ್ಲಿ ಎಣಿಸಿದರೆ ಆರು. ಮಿಕ್ಕವರಿಗೆ ಜ್ವರ, ಅತ್ತೆ ಮಗಳ ನಿಶ್ಚಿತಾರ್ಥ, ಆಫೀಸಿನ ಕರೆ. ಬಂದ ಆರರಲ್ಲಿ ಒಬ್ಬ ಲೆಕ್ಕದ ಮಾಸ್ತರ. ನೀರಿನ ಬಾಟಲಿ ಕೊಂಡರೂ ಆರರಿಂದ ಭಾಗಿಸುತ್ತಾನೆ. ಇನ್ನೊಬ್ಬ, 'ನಮ್ಮ ಭಾವನ ಕಾರು ಸುಮ್ನೆ ಮನೇಲಿ ನಿಂತಿತ್ತು, ಕೇಳಿದ್ರೆ ಕೊಡ್ತಿದ್ರು' ಅಂತ ಪ್ರತಿ ನಿಲ್ದಾಣದಲ್ಲೂ ಒಂದೊಂದು ಸಲ ಹೇಳುತ್ತಾನೆ. ಅವನನ್ನು ಊರು ಸೇರುವವರೆಗೆ ಸಹಿಸಿಕೊಳ್ಳುವುದು ನಿಜವಾದ ಚಾರಣ.

ಗುಂಪಿನಲ್ಲಿ ಹುಡುಗಿಯರೂ ಇದ್ದರೆ ಲೆಕ್ಕದ ಮಾಸ್ತರನಿಗೆ ಹಬ್ಬ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ರಾಜ್ಯದೊಳಗೆ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ರಾಜಹಂಸ, ಐರಾವತಗಳಿಗೆ ಅದು ನಡೆಯುವುದಿಲ್ಲ. ಹಾಗಾಗಿ ಇಡೀ ಗುಂಪು ಕೆಂಪು ಬಸ್ಸಿಗೇ ಹತ್ತುತ್ತದೆ. 'ಈ ಹೆಂಗಸರು ಪುಕ್ಕಟೆ ಅಂತ ಸುಮ್ನೆ ಊರೂರು ಸುತ್ತುತ್ತಾರೆ' ಅಂತ ಗೊಣಗುವ ಹಿರಿಯರೊಬ್ಬರು ಪ್ರತಿ ಬಸ್ಸಿನಲ್ಲೂ ಇರುತ್ತಾರೆ. ಅದು ಸಂಸ್ಥೆಯವರೇ ಮಾಡಿರುವ ವ್ಯವಸ್ಥೆ ಇರಬೇಕು, ಡ್ರೈವರ್, ಕಂಡಕ್ಟರ್ ಇದ್ದ ಹಾಗೆ. ಆದರೆ ಸ್ವಲ್ಪ ಯೋಚಿಸಿ. ಕೆಲಸವಿಲ್ಲದೆ ಊರೂರು ಸುತ್ತುವುದಕ್ಕೇ ಅಲ್ಲವೇ ಪ್ರವಾಸ ಅನ್ನುವುದು? ಅದನ್ನೇ ಕಾರಿನಲ್ಲಿ ಮಾಡಿದರೆ ಪ್ರವಾಸೋದ್ಯಮಕ್ಕೆ ಉತ್ತೇಜನ, ಸ್ಥಳೀಯ ಆರ್ಥಿಕತೆಗೆ ಚೈತನ್ಯ, ಮಂತ್ರಿಗಳ ಭಾಷಣದಲ್ಲಿ ಒಂದು ಪ್ಯಾರ. ಕೆಂಪು ಬಸ್ಸಿನಲ್ಲಿ ಮಾಡಿದರೆ ಸರ್ಕಾರದ ದುಡ್ಡು ಹಾಳು. ದೇವಸ್ಥಾನದ ಶಿಲ್ಪಕ್ಕೆ ಮಾತ್ರ ಇಬ್ಬರೂ ಒಂದೇ. ಅದು ಯಾರ ಟಿಕೆಟನ್ನೂ ಕೇಳುವುದಿಲ್ಲ.

ನನ್ನ ತಕರಾರು ಬೇರೆ. ಪುಕ್ಕಟೆ ಬಸ್ಸಾಗಲಿ, ದುಡ್ಡಿನ ಬಸ್ಸಾಗಲಿ, ತಾಲ್ಲೂಕು ಕೇಂದ್ರದವರೆಗೆ ರಾಜಮರ್ಯಾದೆಯಿಂದ ತಂದು ಬಿಡುತ್ತದೆ. ಅಲ್ಲಿಂದ ಮುಂದಿನ ಹತ್ತು ಕಿಲೋಮೀಟರು ಇದೆಯಲ್ಲ, ಅದು ದೇವರಿಗೇ ಪ್ರೀತಿ. ನಮ್ಮ ಸಾರಿಗೆಯ ಬಸ್ಸುಗಳ ಹೆಸರು ಕೇಳಿ: ಅಂಬಾರಿ, ಐರಾವತ, ಪಲ್ಲಕ್ಕಿ, ಅಶ್ವಮೇಧ. ಅರಸರು ಏರಿದ್ದೆಲ್ಲವೂ ನಮ್ಮ ಬಸ್ ನಿಲ್ದಾಣದಲ್ಲಿವೆ. ಆದರೆ ಆ ಅರಸರು ಕಟ್ಟಿಸಿದ ಗುಡಿಯ ಹತ್ತಿರ ಇವು ಯಾವುವೂ ಸುಳಿಯುವುದಿಲ್ಲ. ಅಲ್ಲಿಗೆ ಆಟೋ. ಹತ್ತು ಕಿಲೋಮೀಟರಿಗೆ ಆಟೋದವನು ಕೇಳುವ ದುಡ್ಡನ್ನೂ ಇನ್ನೂರು ಕಿಲೋಮೀಟರಿಗೆ ಕೆಂಪು ಬಸ್ಸು ತೆಗೆದುಕೊಂಡ ದುಡ್ಡನ್ನೂ ತಕ್ಕಡಿಗೆ ಹಾಕಿದರೆ ಆಟೋದ ತಟ್ಟೆ ನೆಲ ಮುಟ್ಟುತ್ತದೆ. 2025ರ ಜನವರಿಯಲ್ಲಿ ಬಸ್ ದರವನ್ನು ಶೇ 15ರಷ್ಟು ಏರಿಸಿದಾಗ ಎಲ್ಲರೂ ಕೂಗಾಡಿದೆವು. ಆಟೋದವನ ಮುಂದೆ ಮಾತ್ರ ಎಲ್ಲರೂ ಮೌನಿಗಳು. ಅವನನ್ನೂ ಬೈಯುವ ಹಾಗಿಲ್ಲ ಅನ್ನಿ. ವಾಪಸ್ ಬರುವಾಗ ಖಾಲಿ ಬರಬೇಕು ಅನ್ನುವುದು ಅವನ ಲೆಕ್ಕ. ಬಸ್ಸಿದ್ದಿದ್ದರೆ ಅವನಿಗೂ ಈ ಲೆಕ್ಕ ಬರುತ್ತಿರಲಿಲ್ಲ.

ರೈಲ್ವೆಯವರು ಇದರಲ್ಲಿ ಸ್ವಲ್ಪ ಪ್ರಾಮಾಣಿಕರು. ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಲ್ಲಿ ಇಳಿದರೆ ಸುಬ್ರಹ್ಮಣ್ಯ ಇರುವುದು ಸುಮಾರು 12 ಕಿಲೋಮೀಟರ್ ಆಚೆ. ಗೋಕರ್ಣ ರೋಡ್‌ನದ್ದೂ ಅದೇ ಕತೆ. ರೈಲು ಇಲ್ಲಿಗೇ ಮುಗಿಯಿತು, ಮುಂದೆ ರೋಡೇ ಗತಿ ಅಂತ ಬೋರ್ಡಿನಲ್ಲೇ ಬರೆದುಬಿಟ್ಟಿದ್ದಾರೆ. ಕೊಡಗಂತೂ ಇನ್ನೂ ನೇರ. ಇಡೀ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ, ಆಸೆಯೇ ಬೇಡ.

ಬೇಲೂರು, ಹಳೇಬೀಡು, ಸೋಮನಾಥಪುರ, ಈ ಮೂರನ್ನೂ 2023ರಲ್ಲಿ ಯುನೆಸ್ಕೋದವರು ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಪ್ಯಾರಿಸ್ಸಿನಲ್ಲಿ ಕಚೇರಿ ಇಟ್ಟುಕೊಂಡವರಿಗೆ ಮೂರೂ ಒಂದೇ ಅಂತ ಹೊಳೆಯಿತು. ನಮ್ಮ ಬಸ್ ರೂಟಿಗೆ ಇನ್ನೂ ಹೊಳೆದಿಲ್ಲ. ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರು, ಬಸ್ಸು ಸಿಗುತ್ತದೆ, ಸುಳ್ಳು ಹೇಳಬಾರದು. ಸೋಮನಾಥಪುರಕ್ಕೆ ಮೈಸೂರಿಗೆ ಹೋಗಿ, ಅಲ್ಲಿಂದ ಬನ್ನೂರಿಗೋ ತಿ. ನರಸೀಪುರಕ್ಕೋ ಹೋಗಿ, ಅಲ್ಲಿ ಮತ್ತೆ ಕಾಯಿರಿ. ಹೊಯ್ಸಳರ ಶಿಲ್ಪಿಗಳಿಗಿದ್ದ ತಾಳ್ಮೆ ಏನು ಅಂತ ನಿಮಗೆ ಅಲ್ಲೇ ಅರ್ಥವಾಗುತ್ತದೆ.

ಜೋಗದ ವಿಷಯ ಇನ್ನೂ ಸೊಗಸು. ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ 253 ಮೀಟರ್ ಎತ್ತರದಲ್ಲಿ ಸಿದ್ಧವಾಗಿ ನಿಂತಿರುತ್ತಾರೆ. ಆದರೆ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, 1964ರಿಂದ. ಶರಾವತಿಯ ನೀರು ಮೊದಲು ಕರೆಂಟಿಗೆ, ಆಮೇಲೆ ಕಣ್ಣಿಗೆ. ಅಲ್ಲಿ ನೀರೂ ಸರ್ಕಾರದ್ದು, ಬಸ್ಸೂ ಸರ್ಕಾರದ್ದು. ಎರಡೂ ಬಿಟ್ಟಾಗಲೇ ಬರುವುದು. ಮಳೆಗಾಲದ ವಾರದ ಕೊನೆಯಲ್ಲಿ ಬೆಂಗಳೂರಿನಿಂದ ಪ್ಯಾಕೇಜ್ ಬಸ್ಸು ಬಿಡುತ್ತಾರೆ, ಅದು ಒಳ್ಳೆಯ ಕೆಲಸ. ಮಿಕ್ಕ ದಿನ ರೈಲಿನಲ್ಲಿ ತಾಳಗುಪ್ಪಕ್ಕೆ ಬಂದು ಇಳಿಯಿರಿ. ಹಳಿ ಅಲ್ಲಿಗೇ ಮುಗಿಯುತ್ತದೆ. ಜೋಗ ಇನ್ನೂ ಮುಂದೆ.

ಇನ್ನು ವಿಚಾರಣೆ ಕೌಂಟರು. ಯಾವ ಊರಿನದ್ದು ಅಂತ ಹೇಳುವುದಿಲ್ಲ, ಹೇಳಿದರೆ ಮಿಕ್ಕ ಊರಿನವರಿಗೆ ಬೇಜಾರಾದೀತು. ಗೋಡೆಯ ಮೇಲೆ ಹಳದಿ ಬಣ್ಣದಲ್ಲಿ ಬರೆಸಿದ ವೇಳಾಪಟ್ಟಿ ಇತ್ತು. ಎಷ್ಟೋ ಮಳೆಗಾಲ ಕಂಡು ಬಣ್ಣ ಚಕ್ಕೆ ಎದ್ದಿತ್ತು. ನಮ್ಮ ಊರಿನ ಮುಂದೆ ಗಂಟೆಯ ಅಂಕಿ ಉದುರಿ ಹೋಗಿ '30' ಮಾತ್ರ ಉಳಿದಿತ್ತು. ಯಾವುದೋ ಒಂದು ಗಂಟೆಯ ಮೂವತ್ತನೇ ನಿಮಿಷಕ್ಕೆ ಬಸ್ಸಿದೆ ಅನ್ನುವುದಂತೂ ಖಾತ್ರಿಯಾಯಿತು. ಕಿಂಡಿಯಲ್ಲಿ ಕೇಳಿದೆವು.

"ಸಾರ್, ಈ ಕಡೆ ಬಸ್ಸು ಎಷ್ಟೊತ್ತಿಗಿದೆ?"

"ಹೋಯ್ತು."

"ಇನ್ನೊಂದು?"

"ಅದೇ ಬರ್ಬೇಕು."

"ಎಷ್ಟೊತ್ತಿಗೆ ಬರತ್ತೆ ಸಾರ್?"

"ಹೋಗಿದ್ದು ಬರಲೇಬೇಕಲ್ಲಪ್ಪ."

ತರ್ಕದಲ್ಲಿ ಒಂದು ಕೂದಲಷ್ಟೂ ಲೋಪವಿಲ್ಲ. ನಮ್ಮ ಗುಂಪಿನ ಎಂಜಿನಿಯರು ಬಹಳ ಹೊತ್ತು ಯೋಚಿಸಿ, 'ಕರೆಕ್ಟೇ ಕಣೋ' ಅಂದ.

ಬಸ್ಸು ಬಂದ ಮೇಲೆ ಇನ್ನೊಂದು ಪರೀಕ್ಷೆ. ಅದು ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲು, ಕರ್ಚೀಫು, ಒಂದು ಛತ್ರಿ, ಒಮ್ಮೊಮ್ಮೆ ಒಂದು ಮಗುವೂ ಒಳಗೆ ಹೋಗುತ್ತವೆ. ಸೀಟಿನ ಮೇಲೆ ಬಿದ್ದ ಕರ್ಚೀಫಿಗೆ ಇರುವ ಹಕ್ಕು ಈ ದೇಶದಲ್ಲಿ ನೋಂದಣಿಯಾದ ಕ್ರಯಪತ್ರಕ್ಕೂ ಇಲ್ಲ. ನಿಯಮದ ಪ್ರಕಾರ ಅರ್ಧ ಸೀಟು ಗಂಡಸರಿಗೆ ಮೀಸಲಂತೆ. ಕರ್ಚೀಫು ಗಂಡೋ ಹೆಣ್ಣೋ ಅಂತ ಯಾರು ಕೇಳುತ್ತಾರೆ?

ಟಿಕೆಟಿಗೆ ಐನೂರರ ನೋಟು ಕೊಟ್ಟರೆ ಕಂಡಕ್ಟರು ನಿಮ್ಮನ್ನು ನೋಡುವ ನೋಟ ಬೇರೆ. ಚೀಟಿಯ ಹಿಂದೆ ಬಾಕಿ ಬರೆದು ಸುತ್ತು ಹಾಕಿ ಕೊಡುತ್ತಾರೆ. ಆಮೇಲೆ ನಿಮ್ಮ ಮನಸ್ಸು ಪ್ರಕೃತಿಯ ಮೇಲೆ ನಿಲ್ಲುವುದಿಲ್ಲ. ಘಾಟಿ ಬರಲಿ, ಜಲಪಾತ ಬರಲಿ, ಕಣ್ಣೆಲ್ಲ ಆ ಚೀಟಿಯ ಮೇಲೆ. ಈಗ ಯುಪಿಐ ಬಂದಿದೆ. ಕಂಡಕ್ಟರು ಕ್ಯೂಆರ್ ಕಾರ್ಡು ಎತ್ತಿ ಹಿಡಿಯುತ್ತಾರೆ, ನೀವು ಸ್ಕ್ಯಾನ್ ಮಾಡುತ್ತೀರಿ, ಬಸ್ಸು ಘಾಟಿಯ ತಿರುವಿಗೆ ಬರುತ್ತದೆ, ನೆಟ್‌ವರ್ಕು ಕಾಡಿಗೆ ಹೋಗುತ್ತದೆ. ಚಕ್ರ ತಿರುಗುತ್ತಲೇ ಇರುತ್ತದೆ, ಬಸ್ಸಿನದ್ದೂ ಫೋನಿನದ್ದೂ. 'ಹೋಗಿದೆ ಸಾರ್' ಅಂತೀರಿ ನೀವು. 'ಬಂದಿಲ್ಲ' ಅಂತಾರೆ ಅವರು. ಮುಂದಿನ ಟವರ್ ಸಿಗುವವರೆಗೆ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಕದಲುವ ಹಾಗಿಲ್ಲ.

ಹಂಪಿಯಲ್ಲಿ ಮಾತ್ರ ಬಸ್ಸಿನವರ ಕೈ ಮೇಲು. ಐವತ್ತರ ನೋಟಿನ ಮೇಲಿರುವ ಕಲ್ಲಿನ ರಥ ನೋಡಬೇಕು ಅಂದರೆ ಕಾರಿನವರು ಸುತ್ತಿಬಳಸಿ ವಿಠ್ಠಲ ದೇವಸ್ಥಾನದ ಗೇಟಿಗೆ ಬಂದು, ಗಾಡಿಯನ್ನು ಅಲ್ಲೇ ಬಿಟ್ಟು, ಬ್ಯಾಟರಿ ಗಾಡಿಗೆ ಸಾಲು ನಿಲ್ಲಬೇಕು. ಹೊಸಪೇಟೆಯಿಂದ 13 ಕಿಲೋಮೀಟರ್ ಬಸ್ಸಲ್ಲಿ ಬಂದವನು ವಿರೂಪಾಕ್ಷನ ಬೀದಿಯಲ್ಲಿ ಇಳಿದು, ತುಂಗಭದ್ರೆಯ ದಂಡೆ ಹಿಡಿದು, ಬಂಡೆಗಳ ನಡುವೆ ನಡೆದುಕೊಂಡೇ ಅದೇ ರಥದ ಮುಂದೆ ನಿಲ್ಲುತ್ತಾನೆ. ಬಿಸಿಲಿಗೆ ತಲೆ ಕಾದಿರುತ್ತದೆ, ಅದು ಬೇರೆ ಮಾತು. ಆದರೆ ಆ ಒಂದು ಗಳಿಗೆ, ಸಾಲಿನಲ್ಲಿ ಬೆವರುತ್ತಿರುವ ಕಾರಿನವರನ್ನು ನೆನೆದು ನಮ್ಮ ಗುಂಪಿನ ಬಡವರು ಪಟ್ಟ ಖುಷಿಯನ್ನು ನಾನು ಇಲ್ಲಿ ಬರೆಯಬಾರದು. ಸಣ್ಣತನ ಅನ್ನಿಸಿಕೊಳ್ಳುತ್ತದೆ.

ಅದೇ ಸುತ್ತಾಟದಲ್ಲಿ ಇನ್ನೊಂದು ಊರಿಗೆ ಹೋದೆವು. ಮೈದಾನದಷ್ಟು ದೊಡ್ಡ ಪಾರ್ಕಿಂಗು. ಹುಣಸೇ ಮರದ ನೆರಳಿನಲ್ಲಿ ಕಾರುಗಳು ತಣ್ಣಗೆ ಮಲಗಿದ್ದವು. ಬಸ್ಸಿಗೆ ತಂಗುದಾಣವಿರಲಿಲ್ಲ, ಬೋರ್ಡೂ ಇರಲಿಲ್ಲ. ಚೀಟಿ ಹರಿಯುವ ಹುಡುಗ ಪ್ರತಿ ಗಾಡಿಯ ಹಿಂದೆ ಓಡುತ್ತಿದ್ದ, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಲೆಕ್ಕದ ಮಾಸ್ತರ ಎದ್ದು ಹೋಗಿ ಕೇಳಿದ: "ತಮ್ಮಾ, ನಮಗೂ ಒಂದು ಚೀಟಿ ಕೊಡಪ್ಪ. ಒಂದು ಕಾರಿನ ಜಾಗದಲ್ಲಿ ಆರು ಜನ ಕೂತ್ಕೋತೀವಿ."

ಹುಡುಗ ಪುಸ್ತಕ ತಿರುವಿ ನೋಡಿದ. "ಮನುಷ್ಯರಿಗೆ ರೇಟ್ ಇಲ್ಲ ಅಣ್ಣ. ಬೈಕು, ಕಾರು, ಟಿಟಿ ಇಷ್ಟೇ."

"ಹೋಗ್ಲಿ, ಬಸ್ಸು ಎಲ್ಲಿ ನಿಲ್ಲತ್ತೆ?"

"ನಿಲ್ಲಲ್ಲ ಅಣ್ಣ. ಇಲ್ಲಿ ಜಾಗ ಎಲ್ಲಿದೆ? ತಿರುಗಿಸ್ಕೊಂಡು ಹೋಗ್ತಾನೆ. ತಿರುಗೋವಾಗ ಓಡಿ ಹತ್ಕೋಬೇಕು." ಅವನು ನಮ್ಮನ್ನೆಲ್ಲ ಒಂದು ಸಲ ಅಳೆದ. ಭಾವನ ಕಾರಿನವನ ಹೊಟ್ಟೆಯ ಮೇಲೆ ಕಣ್ಣು ಸ್ವಲ್ಪ ಜಾಸ್ತಿ ಹೊತ್ತು ನಿಂತಿತು. "ಇವ್ರನ್ನ ಈಗ್ಲೇ ಕಳಿಸ್ಬಿಡಿ ಅಣ್ಣ, ಮುಂದಿನ ಊರಲ್ಲಿ ಹತ್ಕೊಳ್ಳಿ. ನೀವು ಐದು ಜನ ಇಲ್ಲೇ ಟ್ರೈ ಮಾಡಿ."