ಅಸ್ಸಾಂ ಒಪ್ಪಂದದ ಪುಟ್ಟ ಸಾಲುಗಳು

ಹೊರದೇಶದ ವಲಸಿಗರ ವಿರುದ್ಧ ಚಳವಳಿ ನಡೆಸಿದ ನಾಯಕರು ಸರ್ಕಾರದೊಂದಿಗೆ ಮಾಡಿಕೊಂಡ 1985ರ ಆಗಸ್ಟ್ 15ರ ಅಸ್ಸಾಂ ಒಪ್ಪಂದದಲ್ಲಿ ಪೌರತ್ವ, ಗಡಿಗಳ ದೊಡ್ಡ ಕಲಮುಗಳ ಜೊತೆಗೆ ಕೆಲವು ಪುಟ್ಟ ಸಾಲುಗಳಿವೆ. ತೈಲ ಸಂಸ್ಕರಣಾಗಾರವನ್ನು ಸ್ಥಾಪಿಸಲಾಗುವುದು. ಐಐಟಿ ಸ್ಥಾಪಿಸಲಾಗುವುದು. ಅಶೋಕ್ ಪೇಪರ್ ಮಿಲ್ ಮತ್ತು ಸೆಣಬಿನ ಗಿರಣಿಗಳನ್ನು ಮತ್ತೆ ತೆರೆಯುವ ರಾಜ್ಯದ ಯತ್ನಕ್ಕೆ ಕೇಂದ್ರ ಪೂರ್ಣ ನೆರವು ನೀಡುವುದು. ಗುವಾಹಟಿಯ ಐಐಟಿ 1994ರಲ್ಲಿ ಬಂತು, ನುಮಾಲಿಗಢದ ಸಂಸ್ಕರಣಾಗಾರ 1999ರಲ್ಲಿ ಲೋಕಾರ್ಪಣೆಯಾಯಿತು. ಜೋಗಿಘೋಪಾದ ಅಶೋಕ್ ಪೇಪರ್ ಮಿಲ್ ಮಾತ್ರ ಚೇತರಿಸಿಕೊಳ್ಳಲೇ ಇಲ್ಲ. ಅದರ ಜಾಗದಲ್ಲಿ ಈಗ ಸರಕು ಸಾಗಣೆಯ ಪಾರ್ಕ್. 'ಸ್ಥಾಪಿಸಲಾಗುವುದು' ಎಂದು ಬರೆದರೆ ಹೊಣೆ ಒಬ್ಬರ ತಲೆಗೆ ಬೀಳುತ್ತದೆ. 'ನೆರವು' ಎಂದಾಗ ಇಬ್ಬರೂ ನುಣುಚಿಕೊಳ್ಳಬಹುದು.

ಈ ಸಾಲುಗಳ ಹಿಂದೆ ಆರು ವರ್ಷಗಳ ಹೋರಾಟವಿದೆ. 1979ರಲ್ಲಿ ಮಂಗಲದೈ ಲೋಕಸಭಾ ಉಪಚುನಾವಣೆಯ ಮತದಾರರ ಪಟ್ಟಿಯಲ್ಲಿ ವಿದೇಶಿಯರ ಹೆಸರುಗಳಿವೆ ಎಂಬ ತಕರಾರು ಎದ್ದಿತು. ಜೂನ್ 8ರಂದು 12 ಗಂಟೆಗಳ ಬಂದ್ ನಡೆಯಿತು. ಚಳವಳಿಯ ಮುಂಚೂಣಿಯಲ್ಲಿದ್ದ ಅಖಿಲ ಅಸ್ಸಾಂ ವಿದ್ಯಾರ್ಥಿ ಸಂಘ, ಜನರ ಬಾಯಲ್ಲಿ 'ಆಸು', ಅಷ್ಟು ದಿನ ಉಸಿರು ಹಿಡಿದದ್ದು ಭಾಷಣಗಳಿಂದಲ್ಲ. ಕೇಂದ್ರ ಸಮಿತಿಯ ಕರೆ ಜಿಲ್ಲೆ, ಆಂಚಲಿಕ (ಪ್ರಾದೇಶಿಕ) ಘಟಕಗಳನ್ನು ದಾಟಿ ಊರಿನ ಪ್ರಾಥಮಿಕ ಘಟಕಕ್ಕೆ ತಲುಪುವ ಏಣಿ ಅದಕ್ಕಿತ್ತು. ಆದರೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. 1983ರ ಫೆಬ್ರವರಿ 18ರಂದು ನೆಲ್ಲಿಯಲ್ಲಿ ಸಾವಿರಕ್ಕೂ ಹೆಚ್ಚು ಮುಸ್ಲಿಮರ ಕೊಲೆಯಾಯಿತು. ಅದನ್ನು ಬದಿಗಿಟ್ಟು ಚಳವಳಿಯನ್ನು ಹೊಗಳುವುದು ಅನ್ಯಾಯ.

ಎಡವಟ್ಟಾದದ್ದು ಗೆದ್ದ ಮೇಲೆ. 1985ರ ಅಕ್ಟೋಬರ್‌ನಲ್ಲಿ ಚಳವಳಿಯ ನಾಯಕರ ಪಕ್ಷವಾಗಿ ಅಸೋಮ್ ಗಣ ಪರಿಷತ್ ಹುಟ್ಟಿತು, ಡಿಸೆಂಬರ್‌ನಲ್ಲಿ ಆಸುವಿನ ಅಧ್ಯಕ್ಷರಾಗಿದ್ದ ಪ್ರಫುಲ್ಲ ಮಹಂತ ಮುಖ್ಯಮಂತ್ರಿಯಾದರು. ಒಪ್ಪಂದಕ್ಕೆ ಸಹಿ ಹಾಕಿದವರೇ ನಾಲ್ಕು ತಿಂಗಳಲ್ಲಿ ಅದನ್ನು ಜಾರಿ ಮಾಡುವವರೂ ಆದರು. ಹೊರಗೆ ನಿಂತು ಲೆಕ್ಕ ಕೇಳುವ ಅನುಭವಿಗಳು ಕಡಿಮೆಯಾದರು. ಚಳವಳಿಗಾರರು ಬೇಡವೆಂದ 1983ರ ಐಎಂಡಿಟಿ ಕಾಯ್ದೆ (ಅಕ್ರಮ ವಲಸಿಗರನ್ನು ನ್ಯಾಯಮಂಡಳಿಗಳ ಮೂಲಕ ಗುರುತಿಸುವ ಕಾಯ್ದೆ) ಬಿದ್ದದ್ದು 2005ರಲ್ಲಿ, ಅದೂ ಸುಪ್ರೀಂ ಕೋರ್ಟಿನಲ್ಲಿ. ಅರ್ಜಿದಾರ ಆಸುವಿನ ಮಾಜಿ ಅಧ್ಯಕ್ಷ ಸರ್ಬಾನಂದ ಸೋನೋವಾಲ್.

ಕರ್ನಾಟಕದ ಸ್ಥಿತಿ ಇದರ ತಿರುಗುಮುರುಗು. 2024ರ ಜುಲೈನಲ್ಲಿ ಸಂಪುಟ ಒಪ್ಪಿದ ಸ್ಥಳೀಯರ ಉದ್ಯೋಗ ಮಸೂದೆಯಲ್ಲಿ ಸ್ಥಳೀಯ ಯಾರೆಂಬುದು ಸ್ಪಷ್ಟವಿತ್ತು: ರಾಜ್ಯದಲ್ಲಿ ಹುಟ್ಟಿರಬೇಕು, 15 ವರ್ಷ ನೆಲೆಸಿರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು. ಆಡಳಿತ ಹುದ್ದೆಗಳಲ್ಲಿ 50, ಉಳಿದವುಗಳಲ್ಲಿ ಶೇಕಡಾ 70 ಎಂಬ ಅಂಕಿಯೂ ಇತ್ತು. ಉದ್ಯಮಿಗಳು ಸಿಡಿದೆದ್ದ ಕೂಡಲೇ ಸರ್ಕಾರ ಅದನ್ನು ತಡೆಹಿಡಿಯಿತು. ಆಗ ಪಟ್ಟು ಹಿಡಿದು ಕೂರಬಲ್ಲ, ಹಳ್ಳಿಯ ಕಾಲೇಜಿನವರೆಗೆ ಬೇರುಬಿಟ್ಟ ಒಂದೇ ವಿದ್ಯಾರ್ಥಿ ಸಂಘಟನೆ ನಮ್ಮಲ್ಲಿರಲಿಲ್ಲ. ಕಾಲೇಜುಗಳಲ್ಲಿ ಮುಕ್ತ ವಿದ್ಯಾರ್ಥಿ ಚುನಾವಣೆ ನಿಂತು ಮೂರು ದಶಕ ದಾಟಿದೆ. ಚುನಾವಣೆಯೇ ಇಲ್ಲದ ಕಡೆ ಸಭೆ ನಡೆಸುವ, ಠರಾವು ಬರೆಯುವ, ಸೋತು ಮತ್ತೆ ನಿಲ್ಲುವ ರೂಢಿ ಎಲ್ಲಿಂದ ಬರಬೇಕು? ಗಲಾಟೆಯ ಭಯಕ್ಕೆ ಅದನ್ನು ನಿಲ್ಲಿಸಿದ್ದು ತಪ್ಪು ಎಂದೇ ನನ್ನ ನಿಲುವು.

ಅಸ್ಸಾಮಿನಲ್ಲಿ ಸಂಘಟನೆ ಇತ್ತು, ವ್ಯಾಖ್ಯೆ ಇರಲಿಲ್ಲ. ಒಪ್ಪಂದದ 6ನೇ ಕಲಮು ಅಸ್ಸಾಮಿ ಜನರಿಗೆ ಸಾಂವಿಧಾನಿಕ ರಕ್ಷಣೆಯ ಮಾತು ಕೊಟ್ಟಿತು. ಅಸ್ಸಾಮಿ ಯಾರೆಂದು ಬರೆಯಲಿಲ್ಲ. ಅದಕ್ಕೊಂದು ಉತ್ತರ ಬರೆದ ಸಮಿತಿಯ ವರದಿ ಸರ್ಕಾರದ ಕೈ ಸೇರಿದ್ದು 2020ರ ಫೆಬ್ರವರಿಯಲ್ಲಿ.