ಬಸ್ಸಿಳಿದ ಮೇಲಿನ ದಾರಿ

ಶನಿವಾರ ಬೆಳಿಗ್ಗೆ ಇಂಗ್ಲೆಂಡಿನ ಶೆಫೀಲ್ಡ್ ಬಸ್ ನಿಲ್ದಾಣದಲ್ಲಿ 272ನೇ ನಂಬರ್ ಬಸ್ಸಿಗೆ ನಿಂತವರನ್ನು ನೋಡಿದರೆ ಸಾಕು, ಎಲ್ಲಿಗೆ ಹೊರಟಿದ್ದಾರೆ ಅಂತ ಕೇಳಬೇಕಾಗಿಲ್ಲ. ಕೆಸರು ಒಣಗಿ ಅಂಟಿಕೊಂಡ ಬೂಟು, ಬೆನ್ನಿಗೊಂದು ಚೀಲ, ಅದರ ಪಕ್ಕದ ಜೇಬಲ್ಲಿ ಫ್ಲಾಸ್ಕು. ಎಪ್ಪತ್ತು ದಾಟಿದ ಗಂಡ ಹೆಂಡತಿ ಇರುತ್ತಾರೆ, ಕಾಲೇಜು ಹುಡುಗರಿರುತ್ತಾರೆ. ಯಾರೂ ಶಿಖರ ಹತ್ತುವ ಸಾಹಸಕ್ಕೆ ಹೊರಟವರಲ್ಲ. ಸುಮ್ನೆ ನಡೆಯೋಕೆ ಹೊರಟವರು.

ನಾನು ಮೊದಲ ಸಲ ಅವರ ಜೊತೆ ಹತ್ತಿದ್ದು ಏಪ್ರಿಲ್ ಕೊನೆಯಲ್ಲಿ. ಫಾಕ್ಸ್ ಹೌಸ್ ಅನ್ನೋ ಕಡೆ ಇಳಿದು ಲಾಂಗ್‌ಶಾ ಬಯಲು ದಾಟಿದರೆ ಬರ್ಬೇಜ್ ಹಳ್ಳ ಸಿಗುತ್ತದೆ. ಹಳ್ಳದ ಜೊತೆಗೇ ಇಳಿಯುತ್ತಾ ಹೋದರೆ ಪ್ಯಾಡ್ಲಿ ಗಾರ್ಜ್ ಎಂಬ ಕಿರಿದಾದ ಕಣಿವೆ. ಸೊಟ್ಟ ಸೊಟ್ಟ ಓಕ್ ಮರಗಳು, ಬಂಡೆಗಳ ಮೇಲೆಲ್ಲ ದಪ್ಪ ಪಾಚಿ. ಕೈ ಇಟ್ಟರೆ ಒದ್ದೆ ಕಂಬಳಿ ಮುಟ್ಟಿದ ಹಾಗೆ. ಹಳ್ಳದ ನೀರು ಚಹಾದ ಬಣ್ಣಕ್ಕಿರುತ್ತದೆ, ಮೇಲಿನ ಬಯಲಿನ ಪೀಟ್ ಮಣ್ಣು, ಅಂದರೆ ಗಿಡಗಳು ಕೊಳೆತು ಆದ ಕಪ್ಪು ಮಣ್ಣು, ತೊಳೆದುಕೊಂಡು ಬರುವುದರಿಂದ. ಕಣಿವೆ ಮುಗಿಯುವಲ್ಲಿ ಗ್ರೈಂಡಲ್‌ಫರ್ಡ್ ಊರು. ಅಲ್ಲಿಂದ ಡರ್ವೆಂಟ್ ಹೊಳೆಯ ದಂಡೆ ಹಿಡಿದು ಕಾಡಿನ ಅಂಚಲ್ಲಿ, ಹುಲ್ಲುಗಾವಲಲ್ಲಿ ನಡೆದರೆ ಹ್ಯಾದರ್‌ಸೇಜ್. ಅಲ್ಲಿ ಮತ್ತೆ ಅದೇ 272. ಎಲ್ಲ ಸೇರಿ ಎಂಟೊಂಬತ್ತು ಕಿಲೋಮೀಟರ್ ಇರಬಹುದು. ಕಾರಲ್ಲಿ ಹೋದರೆ ಈ ಸುಖ ಇಲ್ಲ. ಕಾರು ನಿಲ್ಲಿಸಿದ ಜಾಗಕ್ಕೇ ವಾಪಸ್ ಬರಬೇಕು. ಬಸ್ಸಾದರೆ ಒಂದು ಕಡೆ ಇಳಿದು, ಹೊಳೆ ಜೊತೆ ನಡೆದು, ಇನ್ನೊಂದು ಕಡೆ ಹತ್ತಬಹುದು. ಟಿಕೆಟ್ಟೂ ಜಾಸ್ತಿ ಇಲ್ಲ. ಇಂಗ್ಲೆಂಡಿನ ಹೆಚ್ಚಿನ ಬಸ್ಸುಗಳಲ್ಲಿ ಒಂದು ಸಲದ ಪ್ರಯಾಣಕ್ಕೆ 2023ರಲ್ಲಿ 2 ಪೌಂಡಿನ ಮಿತಿ ಹಾಕಿದರು, 2025ರಿಂದ ಅದು 3 ಪೌಂಡ್ ಆಯಿತು.

ಆ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಡೂ ಅಲ್ಲ, ಹೊಳೆಯೂ ಅಲ್ಲ. ಒಂದು ತಡಮೆ.

ಕಲ್ಲಿನ ಗೋಡೆಯ ನಡುವೆ ಎರಡು ಮರದ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬ. ಮನುಷ್ಯರು ದಾಟಬಹುದು, ಕುರಿ ದಾಟಲ್ಲ. ಮಲೆನಾಡಿನಲ್ಲಿ ಬೆಳೆದ ನನಗೆ ಇದರ ಹೆಸರನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತುಂಗಾ ಹೊಳೆಯ ಆಚೆ ದಂಡೆಯ ಅಜ್ಜನ ಮನೆಗೆ ಹೋಗುವಾಗ ಇಂಥ ಮೂರು ತಡಮೆ, ಅಡ್ಡಗಳ ಸರಿಸಿ ದಾಟುವ ಒಂದು ಉಣುಗೋಲು, ಒಂದು ಕಾಲುಸಂಕ ದಾಟುತ್ತಿದ್ದೆವು. ಬಸ್ಸಿಳಿದು ಗದ್ದೆ ಅಂಚು, ಆಮೇಲೆ ಯಾರದೋ ಅಡಿಕೆ ತೋಟ, ಆಮೇಲೆ ಸೊಪ್ಪಿನ ಬೆಟ್ಟ. ಉಣುಗೋಲು ಸರಿಸಿ ಒಳಗೆ ಬಂದರೆ ತಿರುಗಿ ಸರಿಸಿಯೇ ಹೋಗಬೇಕು, ಇಲ್ಲದಿದ್ದರೆ ದನ ನುಗ್ಗುತ್ತದೆ ಅಂತ ಅಜ್ಜ ನೂರು ಸಲ ಹೇಳಿದ್ದರು. ಇಲ್ಲಿನ ಗೇಟುಗಳ ಮೇಲೂ ಅದೇ ಮಾತು ಬರೆದಿರುತ್ತದೆ.

ವ್ಯತ್ಯಾಸ ಇರುವುದು ತಡಮೆಯ ಪಕ್ಕದ ಕಂಬದಲ್ಲಿ. ಅದರ ಮೇಲೆ ಅಂಗೈಯಗಲದ ಒಂದು ಹಳದಿ ಬಾಣದ ಗುರುತು. ಇದು ಎಲ್ಲರೂ ನಡೆಯುವ ಕಾಲುದಾರಿ ಅಂತ ಅದರ ಅರ್ಥ. ಜಮೀನು ರೈತನದೇ. ಹುಲ್ಲು, ಕುರಿ, ಗೋಡೆ ಎಲ್ಲ ಅವನದೇ. ಆದರೆ ಅದರ ಮೇಲೆ ನಡೆದು ಹೋಗುವ ಹಕ್ಕು ನನ್ನದು, ನಿಮ್ಮದು, ನಿನ್ನೆ ತಾನೆ ಈ ದೇಶಕ್ಕೆ ಬಂದಿಳಿದವನದು. ಹೊಲದ ನಡುವೆ ಹಾದು ಹೋಗುವ ಇಂಥ ದಾರಿಯನ್ನು ರೈತ ಉತ್ತರೆ, 14 ದಿನದ ಒಳಗೆ ಕನಿಷ್ಠ ಒಂದು ಮೀಟರ್ ಅಗಲಕ್ಕೆ ಮತ್ತೆ ಸಮ ಮಾಡಿಕೊಡಬೇಕು ಅಂತ ಕಾನೂನೇ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್ ಎರಡೂ ಸೇರಿ ಹೀಗೆ ಹಕ್ಕಿರುವ ದಾರಿಗಳು ಸುಮಾರು 2,25,000 ಕಿಲೋಮೀಟರ್. ಇಲ್ಲಿನ ಸರ್ಕಾರಿ ನಕಾಶೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕಾಶೆ ಬಿಚ್ಚಿದರೆ ಹಸಿರು ಗೆರೆಗಳಾಗಿ ಅವು ಕಾಣುತ್ತವೆ.

ಇದು ತಾನಾಗಿ ಬಂದಿದ್ದಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆಯ ನೂರಾರು ಯುವಕ ಯುವತಿಯರು ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ಬೇಕಂತಲೇ ನುಗ್ಗಿದರು. ವಾರವೆಲ್ಲ ಹೊಗೆಯೊಳಗೆ ದುಡಿಯುವ ಕಾರ್ಮಿಕರೇ ಅವರಲ್ಲಿ ಜಾಸ್ತಿ. ಗುಡ್ಡವನ್ನು ಶ್ರೀಮಂತರು ಹಕ್ಕಿ ಬೇಟೆಗಾಗಿ ಬೇರೆಯವರಿಗೆ ಮುಚ್ಚಿಟ್ಟಿದ್ದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತು ವರ್ಷ. ಅವನೂ ಸೇರಿ ಐವರು ಜೈಲಿಗೆ ಹೋದರು. 1949ರಲ್ಲಿ ಕಾನೂನು ಬಂತು, ಕಾಲುದಾರಿಗಳನ್ನು ಹುಡುಕಿ ನಕಾಶೆಯಲ್ಲಿ ದಾಖಲಿಸುವ ಹೊಣೆ ಸ್ಥಳೀಯ ಆಡಳಿತದ ಮೇಲೆ ಬಿತ್ತು. 1951ರಲ್ಲಿ ಕಿಂಡರ್ ಇರುವ ಪೀಕ್ ಡಿಸ್ಟ್ರಿಕ್ಟೇ ಈ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು.

ಇದನ್ನೆಲ್ಲ ಓದಿದಾಗ ನನಗೆ ಮೊದಲು ನೆನಪಾಗಿದ್ದು ನಮ್ಮ ಕಡೆಯ ಒಂದು ಮಾತು: ನಕಾಶೆ ಕಂಡ ದಾರಿ. ತಾಲ್ಲೂಕು ಕಚೇರಿಗೆ ಓಡಾಡಿದವರಿಗೆಲ್ಲ ಗೊತ್ತು. ಗ್ರಾಮ ನಕಾಶೆಯಲ್ಲಿ ಬಂಡಿದಾರಿಗೊಂದು ಗೆರೆ, ಕಾಲುದಾರಿಗೊಂದು ಗೆರೆ ಇರುತ್ತದೆ. ಅದನ್ನು ಯಾರೂ ಒತ್ತುವರಿ ಮಾಡುವ ಹಾಗಿಲ್ಲ. ಅಂದರೆ ನಮ್ಮಲ್ಲೂ ಹಸಿರು ಗೆರೆ ಇದೆ ಅಲ್ವಾ! ಆದರೆ ಅದು ನೆನಪಾಗುವುದು ಇಬ್ಬರು ಜಗಳವಾಡಿದಾಗ ಮಾತ್ರ. ಜಗಳ ಮುಗಿದ ಮೇಲೆ ನಕಾಶೆ ಮತ್ತೆ ಕಪಾಟು ಸೇರುತ್ತದೆ, ದಾರಿಯ ಮೇಲೆ ಲಂಟಾನ ಬೆಳೆಯುತ್ತದೆ.

ಹೋದ ಸಲ ಊರಿಗೆ ಹೋದಾಗ ಅಜ್ಜನ ಮನೆ ದಾರಿ ಹುಡುಕಿದೆ. ಎರಡನೇ ತಡಮೆ ಇದ್ದ ಜಾಗದಲ್ಲಿ ತಂತಿ ಬೇಲಿ, ಬೀಗ ಹಾಕಿದ ಗೇಟು, 'ಅತಿಕ್ರಮ ಪ್ರವೇಶ ನಿಷೇಧ' ಬೋರ್ಡು. ಒಳಗೆ ಒಂದು ಹೋಮ್‌ಸ್ಟೇ ಆಗಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕುಡಿದು ಬಾಟಲಿ ಒಡೆದು ಹೋಗುವವರನ್ನು ನೋಡಿ ನೋಡಿ ಅವರಿಗೂ ಸಾಕಾಗಿರುತ್ತದೆ. ಆದರೂ ಹೊಟ್ಟೆಯಲ್ಲಿ ಸಂಕಟವಾಯಿತು. ಅಕ್ಕಿ ಮೂಟೆ, ಬಾಣಂತಿ, ಶಾಲೆ ಮಕ್ಕಳು ಎಲ್ಲ ಹೋದ ದಾರಿ ಅದು.

ನನ್ನ ತಕರಾರು ಇದು. ನಮ್ಮಲ್ಲಿ ನಡೆಯೋದು ಅಂದರೆ ಟ್ರೆಕ್ಕಿಂಗ್, ಟ್ರೆಕ್ಕಿಂಗ್ ಅಂದರೆ ತುದಿ. ಎಲ್ಲರೂ ಅದೇ ಐದಾರು ಬೆಟ್ಟಕ್ಕೇ ಹೋಗುತ್ತಾರೆ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯ ಹಾಗೆ ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ನಾನು ಇಲ್ಲಿ ಕೂತು ನೋಡಿದೆ. ಆಮೇಲೆ ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅಂತ ಮಿತಿ ತಂದಿತು. ಅದು ಸರಿಯೇ. ಶೋಲಾ ಕಾಡು, ಹುಲ್ಲುಬೆಟ್ಟ ಅಷ್ಟೊಂದು ಕಾಲು ತಾಳಲ್ಲ. ಆನೆ ಓಡಾಡುವ ಕಡೆ ಇಂಗ್ಲೆಂಡಿನ ಹಾಗೆ ಬೇಕಾದಂತೆ ಅಲೆಯೋಕೂ ಆಗಲ್ಲ, ಇಲ್ಲಿ ನಾವು ಹೆದರಬೇಕಾದ ಪ್ರಾಣಿ ಅಂದರೆ ಹೆಚ್ಚಾಗಿ ರಕ್ತ ಹೀರುವ ಉಣ್ಣಿ. ನಾನು ಕೇಳುತ್ತಿರುವುದು ಮೀಸಲು ಅರಣ್ಯದ ಬಾಗಿಲು ತೆಗೆಯಿರಿ ಅಂತಲ್ಲ. ಊರಿಂದ ಊರಿಗೆ ಹೋಗುವ ದಾರಿ ಸಾಕು. ತೋಟದ ಅಂಚು, ಹೊಳೆ ದಂಡೆ, ದೇವಸ್ಥಾನದ ಹಿಂದಿನ ಕಾಡುತುಂಡು. ಆರೇಳು ಕಿಲೋಮೀಟರ್, ಅಜ್ಜಿಯೂ ಮೊಮ್ಮಗಳೂ ಜೊತೆಗೇ ನಡೆಯುವಂಥದ್ದು. ಅಂಥ ದಾರಿ ನೂರು ಇದ್ದರೆ ಜನ ನೂರು ಕಡೆ ಹಂಚಿಹೋಗುತ್ತಾರೆ.

ಅದಕ್ಕೆ ಬೇಕಾದ ಬಸ್ಸಿನ ವಿಷಯದಲ್ಲಂತೂ ನಾವು ಇವರಿಗಿಂತ ಮುಂದೆ ಇದ್ದೇವೆ. ಇಲ್ಲಿ ಎಷ್ಟೋ ಹಳ್ಳಿಗೆ ಭಾನುವಾರ ಬಸ್ಸೇ ಇಲ್ಲ. ಕೊನೆ ಬಸ್ಸು ತಪ್ಪಿ ಮಳೆಯಲ್ಲಿ ಮುಖ್ಯ ರಸ್ತೆಯವರೆಗೆ ನಡೆದಿದ್ದೇನೆ. ಮಲೆನಾಡಿನಲ್ಲಿ ಕೈ ಮಾಡಿದ ಕಡೆ ಬಸ್ಸು ನಿಲ್ಲುತ್ತದೆ. ಕೊಪ್ಪದಲ್ಲಿ 1991ರಿಂದ 2020ರವರೆಗೆ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ನಡೆಸಿ ಮೂಲೆಯ ಹಳ್ಳಿಗಳಿಗೂ ಬಸ್ಸು ಓಡಿಸಿದರು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ. ಬೇಕಾಗಿರುವುದು ಬಸ್ಸಿಳಿದ ಮೇಲಿನದ್ದು: ಒಂದು ಬಾಣದ ಗುರುತು, ಗಟ್ಟಿಯಾದ ಕಾಲುಸಂಕ, ಗೇಟಿನ ಪಕ್ಕ ಮನುಷ್ಯರು ದಾಟುವಷ್ಟು ಒಂದು ತಡಮೆ. ಕಾಲುಸಂಕ ಗಟ್ಟಿಯಾದರೆ ಅದರ ಲಾಭ ಚಾರಣಿಗರಿಗಿಂತ ಮೊದಲು ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ. ಪಂಚಾಯಿತಿ ಮನಸ್ಸು ಮಾಡಿದರೆ ಆಗುವ ಕೆಲಸ ಇದು. ಗುರುತು ಹಾಕುವ ಮೊದಲು ತೋಟದವರ ಜೊತೆ ಕೂತು ಮಾತಾಡಲಿ, ಬೇಲಿ ಬದಿಗೆ ಸರಿಸಬೇಕೆಂದರೆ ಸರಿಸಲಿ.

ಈ ಡಿಸೆಂಬರಿಗೆ ಊರಿಗೆ ಹೋಗುತ್ತಿದ್ದೇನೆ. ಊರಿನ ಗ್ರಾಮ ನಕಾಶೆಯನ್ನು ಕಂದಾಯ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡಿದ್ದೇನೆ. ಅಜ್ಜನ ಮನೆ ದಾರಿ ಅದರಲ್ಲಿ ಚುಕ್ಕಿ ಗೆರೆಯಾಗಿ ಇದೆ, ಹಳ್ಳ ದಾಟುವ ಜಾಗವೂ ಕಾಣುತ್ತದೆ. ಭಾವನಿಗೆ ಫೋನ್ ಮಾಡಿ ಹೇಳಿದೆ. "ಹೋಮ್‌ಸ್ಟೇನವರು ಗುರ್ತದವರೇ ಮಾರಾಯ, ಒಂದು ಮಾತು ಕೇಳೋಣ. ಕತ್ತಿ ನಾ ತರ್ತೀನಿ, ಲಂಟಾನ ಕಡೀಬೇಕು" ಅಂದರು. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೊರಡುವುದು ಅಂತ ಮಾತಾಗಿದೆ.