ಬಾಕ್ಸ್ ಬದಲಿಸಿದರೆ ಪ್ರಯೋಜನವಿಲ್ಲ

ಕೊಡಗಿನ ಮಳೆಗಾಲದಲ್ಲಿ ರಾತ್ರಿ ಹತ್ತರ ರಾಜಕೀಯ ಚರ್ಚೆಯ ನಡುವೆ ಚಿತ್ರ ಹೋದರೆ ಸೆಟ್‌ಟಾಪ್ ಬಾಕ್ಸ್ ಬದಲಿಸಿ ಎಂದು ಒಂದು ಲೇಖನದಲ್ಲಿ ಓದಿದೆ. ಆ ಸಲಹೆ ತಪ್ಪು, ಸುಮ್ಮನೆ ದುಡ್ಡು ದಂಡ. ಡಿಟಿಎಚ್, ಅಂದರೆ ಉಪಗ್ರಹದಿಂದ ನೇರ ಮನೆಯ ಡಿಶ್‌ಗೆ ಬರುವ ಟಿವಿ, ಬರುವುದು ಕೆಯು ಬ್ಯಾಂಡ್ ಎಂಬ ಅತಿ ಹೆಚ್ಚು ಆವರ್ತನದ ತರಂಗದಲ್ಲಿ. ಜೋರು ಮಳೆ ಆ ತರಂಗವನ್ನೇ ಕುಗ್ಗಿಸುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯ ಮಳೆಗೆ 60 ಸೆಂ.ಮೀ. ಡಿಶ್ ಸಾಲದು. 90 ಸೆಂ.ಮೀ. ಡಿಶ್ ಎರಡು ಪಟ್ಟಿಗೂ ಹೆಚ್ಚು ಸಿಗ್ನಲ್ ಹಿಡಿಯುತ್ತದೆ, ಆದರೂ ಜಡಿಮಳೆಗೆ ಒಮ್ಮೊಮ್ಮೆ ಸೋಲುತ್ತದೆ.

ಮಳೆ ನಿಂತ ಮೇಲೂ ಚಿತ್ರ ಬಾರದಿದ್ದರೆ ಮೊದಲು ನೋಡಬೇಕಾದ್ದು, ಡಿಶ್ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗವಾದ ಎಲ್‌ಎನ್‌ಬಿಗೆ ಕೇಬಲ್ ಸೇರುವ ಕನೆಕ್ಟರ್. ನೀರು ಇಳಿದು ತುದಿಗೆ ಕಿಲುಬು ಹಿಡಿದಿರುತ್ತದೆ. ಬಾಕ್ಸಿನ ಪ್ಲಗ್ ಕಿತ್ತು, ಒಳ್ಳೆಯ ತಂತಿ ಕಾಣುವವರೆಗೆ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ ರಬ್ಬರ್ ಟೇಪ್ ಸುತ್ತಿ. ಸಾಮಾನ್ಯ ಇನ್ಸುಲೇಶನ್ ಟೇಪ್ ಬೇಡ, ಬಿಸಿಲಿಗೆ ಅಂಟು ಬಿಡುತ್ತದೆ. ಕೇಬಲನ್ನು ಕೆಳಕ್ಕೆ ಸ್ವಲ್ಪ ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ತೋಟದ ಮನೆಯವರು ಡಿಶ್ ಮುಖ ಮಾಡುವ ಆಗ್ನೇಯಕ್ಕೆ ಅಡ್ಡ ಬೆಳೆದ ಸಿಲ್ವರ್ ಓಕ್ ಕೊಂಬೆಯನ್ನೂ ಮಳೆಗೆ ಮುಂಚೆಯೇ ತೆಗೆಸಬೇಕು.

ಟಿವಿ ಹೋದಾಗ ಪತ್ತೇದಾರಿ ಕಾದಂಬರಿ ಹಿಡಿಯಿರಿ ಎಂದು ಆ ಲೇಖನ ಹೇಳಿದ್ದು ಮಾತ್ರ ನೂರಕ್ಕೆ ನೂರು ಸರಿ. ಪುಸ್ತಕಗಳನ್ನು ಗೋಡೆಗೆ ತಾಗಿಸದೆ ಎರಡು ಬೆರಳು ಜಾಗ ಬಿಟ್ಟಿಡಿ, ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ.